ಹಳೇ ಪಿಕಪ್‌ನಲ್ಲಿ ಫ್ಯಾಮಿಲಿ ಓವರ್‌ಲ್ಯಾಂಡಿಂಗ್: ಮೊದಲು ತೂಕದ ಲೆಕ್ಕ, ಆಮೇಲೆ ಟೆಂಟ್

ಪುಣೆ, ಹೈದರಾಬಾದ್, ಚೆನ್ನೈ ಕಡೆ ಇರೋ ನಮ್ಮ ಐಟಿ ಮಂದಿ ನಾಲ್ಕು ಜನ ಸೇರಿದರೆ ಮೊದಲೆಲ್ಲ ಫ್ಲ್ಯಾಟು, ಆನ್‌ಸೈಟು ಅಂತ ಮಾತಾಡ್ತಿದ್ವಿ. ಈಗ ಅದರ ಜೊತೆ ಓವರ್‌ಲ್ಯಾಂಡಿಂಗ್ ಕೂಡ ಸೇರಿಕೊಂಡಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಡಬಲ್ ಕ್ಯಾಬ್ ಪಿಕಪ್ ತಗೊಳ್ಳೋದು, ಹಿಂದಿನ ಡಾಲಾ ಮೇಲೆ ಕ್ಯಾನೊಪಿ, ತಲೆ ಮೇಲೆ ಟೆಂಟ್, ಮುಂದೆ ಲೈಟ್ ಬಾರ್. ಫೋಟೋದಲ್ಲಿ ಬಹಳ ಚೆಂದ ಕಾಣುತ್ತೆ.

ನನ್ನ ಹತ್ತಿರ ಇರೋದು 2017ರ ಇಸುಜು ವಿ-ಕ್ರಾಸ್. ಪುಣೆ ರಿಜಿಸ್ಟ್ರೇಶನ್. ಅದರಲ್ಲಿ ಓಡಾಡೋರು ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅಮ್ಮ. ಈ ಐದು ಜನರನ್ನ ಕೂರಿಸಿಕೊಂಡು ಕಛ್‌ಗೂ ಹೋಗಬೇಕು, ಮಲೆನಾಡಿಗೂ ಹೋಗಬೇಕು ಅನ್ನೋ ಆಸೆಯಿಂದ ಗಾಡಿಯನ್ನ ಹಂತ ಹಂತವಾಗಿ ತಯಾರು ಮಾಡಿದೆ. ಇವತ್ತು ಹೇಳೋದು ಆ ಕೆಲಸದ ಕ್ರಮ. ಟಾಟಾ ಜೆನಾನ್ ಇರಲಿ, ಸ್ಕಾರ್ಪಿಯೋ ಗೆಟವೇ ಇರಲಿ, ಲೆಕ್ಕ ಒಂದೇ.

ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀನಿ. ಓವರ್‌ಲ್ಯಾಂಡಿಂಗ್ ಬೇರೆ, ಆಫ್‌ರೋಡಿಂಗ್ ಬೇರೆ. ಕೆಸರಲ್ಲಿ ಇಳಿದು ಸಂಜೆ ಮನೆಗೆ ಬರೋದು ಆಫ್‌ರೋಡಿಂಗ್. ಅಡಿಗೆ, ನೀರು, ಹಾಸಿಗೆ ಗಾಡಿಯಲ್ಲೇ ಇಟ್ಟುಕೊಂಡು ದಿನಗಟ್ಟಲೆ ಪ್ರಯಾಣ ಮಾಡೋದು ಓವರ್‌ಲ್ಯಾಂಡಿಂಗ್. ಇದರಲ್ಲಿ ಬಹುಪಾಲು ದಾರಿ ಡಾಂಬರ್ ರಸ್ತೆಯೇ. ಅಂದ್ರೆ ನಿಮ್ಮ ಗಾಡಿಗೆ ನಿಜವಾದ ಪರೀಕ್ಷೆ ಇರೋದು ಬಂಡೆ ಹತ್ತೋದರಲ್ಲಿ ಅಲ್ಲ. ಫುಲ್ ಲೋಡ್‌ನಲ್ಲಿ ಹೈವೇಯಲ್ಲಿ ಹೋಗ್ತಿರುವಾಗ ಎದುರಿಗೆ ಎಮ್ಮೆ ಬಂದರೆ ಗಾಡಿ ನಿಲ್ಲುತ್ತಾ ಅನ್ನೋದರಲ್ಲಿ.

ತೂಕದ ಲೆಕ್ಕ: ಇದನ್ನ ಬಿಟ್ಟು ಮುಂದೆ ಹೋಗಬೇಡಿ

ಪ್ರತಿ ಗಾಡಿಗೂ ಕಂಪನಿ ಒಂದು ಗರಿಷ್ಠ ಒಟ್ಟು ತೂಕ ಕೊಟ್ಟಿರುತ್ತೆ. ಗ್ರಾಸ್ ವೆಹಿಕಲ್ ವೇಟ್ ಅಂತಾರೆ. ಗಾಡಿ, ಡೀಸೆಲ್, ಜನ, ಸಾಮಾನು ಎಲ್ಲ ಸೇರಿ ಅದನ್ನ ಮೀರಬಾರದು. ಖಾಲಿ ಗಾಡಿಯ ತೂಕವನ್ನ ಅದರಿಂದ ಕಳೆದರೆ ಉಳಿಯೋದು ನಿಮ್ಮ ಬಜೆಟ್. ದುಡ್ಡಿನ ಬಜೆಟ್ ಅಲ್ಲ, ಕೆಜಿ ಬಜೆಟ್.

"ಪಿಕಪ್ ಅಲ್ವಾ, ಒಂದು ಟನ್ ಹೊರುತ್ತೆ" ಅಂತ ಎಲ್ಲರೂ ಹೇಳ್ತಾರೆ. ಸರಕಿಗಾಗಿ ಮಾಡಿದ ಸಿಂಗಲ್ ಕ್ಯಾಬ್ ಗಾಡಿ ಹೊರಬಹುದು. ಐದು ಸೀಟಿನ ಡಬಲ್ ಕ್ಯಾಬ್‌ನ ಲೆಕ್ಕ ಪೂರ್ತಿ ಬೇರೆ. ನಿಮ್ಮ ಮಾಡೆಲ್‌ನ ಓನರ್ಸ್ ಮ್ಯಾನುಯಲ್ ತೆಗೆದು ನೋಡಿ. ಹಲವರಿಗೆ ಅಲ್ಲಿರೋ ಸಂಖ್ಯೆ ನೋಡಿ ಆಶ್ಚರ್ಯ ಆಗುತ್ತೆ.

ಒಂದು ಉದಾಹರಣೆ ನೋಡೋಣ. ಒಂದು ಗಾಡಿಗೆ 450 ಕೆಜಿ ಬಜೆಟ್ ಇದೆ ಅಂದುಕೊಳ್ಳಿ. ಅಪ್ಪ 78, ಅಮ್ಮ 62, ಅಜ್ಜಿ 58, ಮಗ 34, ಮಗಳು 22. ಒಟ್ಟು 254 ಕೆಜಿ. ಒಂದು ಚಮಚ ಸಾಮಾನೂ ಹಾಕದೆ ಉಳಿದದ್ದು 196.

ಈಗ ಇನ್‌ಸ್ಟಾಗ್ರಾಮ್ ಗಾಡಿ ಕಟ್ಟೋಣ. ಫೈಬರ್ ಕ್ಯಾನೊಪಿ 70 ಕೆಜಿ, ಉಳಿದದ್ದು 126. ರೂಫ್‌ಟಾಪ್ ಟೆಂಟ್ 65, ಉಳಿದದ್ದು 61. ಡಾಲಾದಲ್ಲಿ ಎಳೆಯೋ ಡ್ರಾಯರ್ ಸೆಟ್ 55, ಉಳಿದದ್ದು 6. ನೀರು 40 ಲೀಟರ್ ಅಂದ್ರೆ 40 ಕೆಜಿ. ಅಲ್ಲಿಗೆ 34 ಕೆಜಿ ಮೀರಿದ್ವಿ. ಫ್ರಿಜ್ ಇಲ್ಲ, ಬಟ್ಟೆ ಇಲ್ಲ, ಅಕ್ಕಿ ಬೇಳೆ ಇಲ್ಲ, ಸ್ಟವ್ ಇಲ್ಲ, ಟೂಲ್ ಕಿಟ್ ಇಲ್ಲ.

ಅದೇ ಗಾಡಿಯನ್ನ ಇನ್ನೊಂದು ರೀತಿ ಕಟ್ಟೋಣ. ಡಾಲಾ ಮೇಲೆ ಗಟ್ಟಿ ತಾಡಪತ್ರಿ ಮತ್ತು ಹಗ್ಗ 8 ಕೆಜಿ. ನೆಲದ ಮೇಲೆ ಹಾಕೋ ಟೆಂಟ್, ಹಾಸಿಗೆ ಸೇರಿ 20. ಮುಚ್ಚಳ ಇರೋ ಪ್ಲಾಸ್ಟಿಕ್ ಕ್ರೇಟ್‌ಗಳು 8. ನೀರು 30. ಸಣ್ಣ 12 ವೋಲ್ಟ್ ಫ್ರಿಜ್ 20. ಅದಕ್ಕೆ ಲಿಥಿಯಂ ಬ್ಯಾಟರಿ 12. ಸ್ಟವ್, ಪಾತ್ರೆ, ದಿನಸಿ 25. ಬಟ್ಟೆಬರೆ 30. ಟೂಲ್ಸ್, ಕಂಪ್ರೆಸರ್, ಟೋ ಸ್ಟ್ರ್ಯಾಪ್, ಸಲಿಕೆ 20. ಒಟ್ಟು 173. ಇನ್ನೂ 23 ಕೆಜಿ ಉಳೀತು. ಊರಿಂದ ವಾಪಸ್ ಬರುವಾಗ ಒಂದು ಚೀಲ ಅಕ್ಕಿ, ಎರಡು ತೆಂಗಿನಕಾಯಿ ಹಾಕೋಕೂ ಜಾಗ ಉಂಟು.

ಲೆಕ್ಕ ಕಾಗದದ ಮೇಲೆ ಬಿಡಬೇಡಿ. ಟ್ರಿಪ್‌ಗೆ ಎಲ್ಲ ತುಂಬಿ, ಎಲ್ಲರನ್ನೂ ಕೂರಿಸಿ, ಹೈವೇ ಪಕ್ಕದ ವೇಬ್ರಿಡ್ಜ್‌ಗೆ ಹೋಗಿ. ಪುಣೆ ಕಡೆ ವಜನ ಕಾಟಾ ಅಂತ ಕೇಳಿದರೆ ತೋರಿಸ್ತಾರೆ. ಪೂರ್ತಿ ಗಾಡಿ ಒಂದು ಸಲ, ಹಿಂದಿನ ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ಇಟ್ಟು ಇನ್ನೊಂದು ಸಲ ತೂಗಿಸಿ. ಹಿಂದಿನ ಆಕ್ಸಲ್ ಮೇಲೆ ಎಷ್ಟು ಬಿದ್ದಿದೆ ಅಂತ ಗೊತ್ತಾಗುತ್ತೆ. ಚಹಾ ತಿಂಡಿ ಖರ್ಚಿನಲ್ಲಿ ಮುಗಿಯೋ ಕೆಲಸ ಇದು. ಗಾಡಿಯ ಬಗ್ಗೆ ಇದಕ್ಕಿಂತ ಉಪಯೋಗದ ಮಾಹಿತಿ ಬೇರೆ ಸಿಗೋದಿಲ್ಲ.

ತೂಕ ಎಲ್ಲಿ ಇಡ್ತೀರಿ ಅನ್ನೋದೂ ಮುಖ್ಯ. ಪಿಕಪ್‌ನ ಡಾಲಾದಲ್ಲಿ ಸ್ವಲ್ಪ ಭಾಗ ಹಿಂದಿನ ಆಕ್ಸಲ್‌ಗಿಂತ ಆಚೆ ಚಾಚಿಕೊಂಡಿರುತ್ತೆ. ಭಾರದ ವಸ್ತು ಅಲ್ಲಿ ಇಟ್ಟರೆ ತೊಟ್ಟಿಲ ತರಹ ಮುಂದಿನ ಭಾಗ ಮೇಲೇಳುತ್ತೆ. ಮುಂದಿನ ಚಕ್ರದ ಹಿಡಿತ ಕಡಿಮೆ ಆಗಿ ಸ್ಟೀರಿಂಗ್ ಹಗುರ ಆಗುತ್ತೆ. ನೀರು, ಬ್ಯಾಟರಿ, ಫ್ರಿಜ್ ಇವೆಲ್ಲ ಕ್ಯಾಬಿನ್‌ಗೆ ತಾಗಿ, ಕೆಳಗೆ ಇರಲಿ. ಹಾಸಿಗೆ, ಬಟ್ಟೆ ಹಿಂದೆ, ಮೇಲೆ. ಚಾವಣಿ ಮೇಲೆ 65 ಕೆಜಿ ಟೆಂಟ್ ಇಟ್ಟರೆ ಘಾಟ್ ತಿರುವಿನಲ್ಲಿ ಗಾಡಿ ಎಷ್ಟು ವಾಲುತ್ತೆ ಅಂತ ಹಿಂದೆ ಕೂತವರನ್ನ ಕೇಳಿ.

ಮೊದಲ ಖರ್ಚು: ಬ್ರೇಕ್

ನನ್ನ ಪ್ರಕಾರ ನೂರು ರೂಪಾಯಿ ಇದ್ದರೆ ಅರವತ್ತು ಬ್ರೇಕ್, ಟೈರ್, ಸಸ್ಪೆನ್ಶನ್ ಈ ಮೂರಕ್ಕೇ ಹೋಗಬೇಕು. ಫೋಟೋದಲ್ಲಿ ಇವು ಕಾಣೋದಿಲ್ಲ.

ವಿ-ಕ್ರಾಸ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಳೇ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇದೇ ಜೋಡಿ. ಹಿಂದಿನ ಡ್ರಮ್‌ಗಳನ್ನ ಯಾರೂ ಬಿಚ್ಚಿ ನೋಡೋದಿಲ್ಲ. ಒಳಗೆ ವೀಲ್ ಸಿಲಿಂಡರ್ ಜಿನುಗ್ತಾ ಇರುತ್ತೆ, ಧೂಳು ಗಟ್ಟಿಯಾಗಿರುತ್ತೆ. ಬಿಚ್ಚಿಸಿ, ನಿಮ್ಮ ಕಣ್ಣಾರೆ ನೋಡಿ. ರಬ್ಬರ್ ಹೋಸ್‌ಗಳಲ್ಲಿ ಬಿರುಕು ಇದ್ದರೆ ಬದಲಾಯಿಸಿ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತೆ. ಉದ್ದದ ಘಾಟ್ ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಗೋದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸೋದು ಒಳ್ಳೇದು.

ಇನ್ನೊಂದು ಸೂಕ್ಷ್ಮ ಇದೆ. ಅನೇಕ ಹಳೇ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಜೋಡಿಸಿದ ವಾಲ್ವ್ ಇರುತ್ತೆ. ಹಿಂದೆ ಲೋಡ್ ಹಾಕಿದಾಗ ಗಾಡಿ ಕುಗ್ಗುತ್ತಲ್ಲ, ಅದನ್ನ ಅಳೆದು ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಕೊಡೋದು ಇದರ ಕೆಲಸ. ಲಿಫ್ಟ್ ಕಿಟ್ ಹಾಕಿ ಗಾಡಿ ಎತ್ತರ ಮಾಡಿದರೆ, ಈ ವಾಲ್ವ್ ಗಾಡಿ ಖಾಲಿ ಇದೆ ಅಂದುಕೊಳ್ಳುತ್ತೆ. ತುಂಬಿದ ಗಾಡಿಗೆ ಹಿಂದಿನ ಬ್ರೇಕ್ ಕಡಿಮೆ ಸಿಗುತ್ತೆ. ಸಸ್ಪೆನ್ಶನ್ ಮುಟ್ಟಿದ ಮೇಲೆ ಈ ಕಡ್ಡಿಯನ್ನ ಹೊಂದಿಸಿದ್ದೀರಾ ಅಂತ ಮೆಕ್ಯಾನಿಕ್‌ನ ಕೇಳಲೇಬೇಕು.

ಟೈರ್

ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಗುಂಡಿ ಚೆನ್ನಾಗಿ ಉಳಿದಿದ್ದರೂ ರಬ್ಬರ್ ಮುದಿಯಾಗಿರುತ್ತೆ. ಐದಾರು ವರ್ಷ ದಾಟಿದ ಟೈರ್ ಮೇಲೆ ಮಕ್ಕಳನ್ನ ಕೂರಿಸಿಕೊಂಡು ಬೇಸಿಗೆಯಲ್ಲಿ ಹೈವೇಗೆ ಇಳಿಯಬೇಡಿ. ಸ್ಟೆಪ್ನಿಯ ಅಂಕಿಯನ್ನೂ ನೋಡಿ.

ಆಲ್ ಟೆರೇನ್ ಟೈರ್ ಸಾಕು. ಮಡ್ ಟೆರೇನ್ ಬೇಡ. ಅದು ಡಾಂಬರಿನ ಮೇಲೆ ಗುಂಯ್ ಅನ್ನುತ್ತೆ, ಒದ್ದೆ ರಸ್ತೆಯಲ್ಲಿ ಜಾರುತ್ತೆ. ಸೈಜ್ ಕಂಪನಿ ಕೊಟ್ಟದ್ದೇ ಇರಲಿ. ನನ್ನದಕ್ಕೆ 245/70 ಆರ್16. ದೊಡ್ಡ ಟೈರ್ ಹಾಕಿದರೆ ಗಾಡಿಯ ನಿಜವಾದ ವೇಗಕ್ಕಿಂತ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತೆ, ಎಳೆತ ತಗ್ಗುತ್ತೆ, ಬ್ರೇಕ್‌ಗೆ ಕೆಲಸ ಜಾಸ್ತಿ. ಸೈಜಿಗಿಂತ ಲೋಡ್ ಇಂಡೆಕ್ಸ್ ನೋಡಿ. ಮೊದಲಿದ್ದದ್ದಕ್ಕಿಂತ ಕಡಿಮೆ ಇರಬಾರದು.

ಬಾಗಿಲಿನ ಕಂಬದ ಮೇಲೆ ಅಥವಾ ಮ್ಯಾನುಯಲ್‌ನಲ್ಲಿ ಟೈರ್ ಒತ್ತಡದ ಪಟ್ಟಿ ಇರುತ್ತೆ. ಫುಲ್ ಲೋಡ್‌ಗೆ ಹಿಂದಿನ ಟೈರ್‌ಗೆ ಬೇರೆ ಸಂಖ್ಯೆ ಕೊಟ್ಟಿದ್ದರೆ ಹೊರಡೋ ದಿನ ಬೆಳಗ್ಗೆ ಅದನ್ನೇ ಹಾಕಿ. ಮರಳಲ್ಲಿ ಗಾಳಿ ಇಳಿಸಬೇಕಾಗುತ್ತೆ, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಅದಕ್ಕೇ ಕಂಪ್ರೆಸರ್. ನಾನು ಕೊಂಡ ಸಾಮಾನಿನಲ್ಲಿ ಅತಿ ಹೆಚ್ಚು ಬಳಕೆ ಆಗಿದ್ದು ಅದೇ.

ಸಸ್ಪೆನ್ಶನ್: ಎತ್ತರಕ್ಕಲ್ಲ, ಹಿಡಿತಕ್ಕೆ

ಹಿಂದೆ ಲೀಫ್ ಸ್ಪ್ರಿಂಗ್. ಇಲ್ಲಿನ ಗ್ಯಾರೇಜಿನಲ್ಲಿ ಪಾಟೆ ಅಂತಾರೆ. ವರ್ಷಗಟ್ಟಲೆ ಓಡಿದ ಪಾಟೆ ಚಪ್ಪಟೆಯಾಗಿರುತ್ತೆ, ಬುಶ್ ಸವೆದಿರುತ್ತೆ, ಶಾಕ್ ಅಬ್ಸಾರ್ಬರ್ ಸತ್ತಿರುತ್ತೆ. ಗ್ಯಾರೇಜಿನವರು ತಕ್ಷಣ ಹೇಳೋದು "ಒಂದು ಪಾಟಾ ಎಕ್ಸ್‌ಟ್ರಾ ಹಾಕೋಣ ಸಾಹೇಬ್" ಅಂತ. ಹಾಕಬೇಡಿ. ಲೋಡ್ ಇದ್ದಾಗ ಸರಿ ಅನ್ನಿಸುತ್ತೆ. ಉಳಿದ ದಿನಗಳಲ್ಲಿ ಖಾಲಿ ಗಾಡಿ ಚೆಂಡಿನ ತರಹ ಪುಟಿಯುತ್ತೆ. ಹಿಂದಿನ ಸೀಟಲ್ಲಿ ಕೂತ ಮಗಳು ಖಂಬಾಟ್ಕಿ ದಾಟೋದರೊಳಗೆ ವಾಂತಿ ಮಾಡ್ತಾಳೆ.

ಮೊದಲು ಬುಶ್, ಶ್ಯಾಕಲ್, ಯು-ಬೋಲ್ಟ್, ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿ. ಇಷ್ಟರಲ್ಲೇ ಗಾಡಿ ಹೊಸದರ ತರಹ ಆಗುತ್ತೆ. ಇನ್ನೊಂದು ವಿಷಯ ನೆನಪಿರಲಿ. ಸ್ಪ್ರಿಂಗ್ ಗಟ್ಟಿ ಮಾಡಿದ ಮಾತ್ರಕ್ಕೆ ಗಾಡಿ ಹೊರೋ ಅಧಿಕೃತ ತೂಕ ಹೆಚ್ಚಾಗಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್ ಎಲ್ಲ ಹಳೇದೇ ಇರುತ್ತಲ್ಲ.

ಇದೇ ಸಮಯಕ್ಕೆ ರೇಡಿಯೇಟರ್ ಹೋಸ್, ಕೂಲಂಟ್, ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್, ವೀಲ್ ಬೇರಿಂಗ್ ಮುಗಿಸಿಬಿಡಿ. ಫೋರ್ ವೀಲ್ ಇದ್ದರೆ ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಡಿಫರೆನ್ಶಿಯಲ್ ಆಯಿಲ್ ಬದಲಾಯಿಸಿ. ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಯನ್ನ ಒಣ ಡಾಂಬರಿನ ಮೇಲೆ 4ಎಚ್‌ನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಅವಕ್ಕೆ ಆ ಅವಕಾಶ ಸಿಗದೆ ಗೇರ್‌ಗಳ ಮೇಲೆ ಒತ್ತಡ ಬೀಳುತ್ತೆ.

ಹಿಂದಿನ ಸೀಟು: ಯಾರು ಎಲ್ಲಿ ಕೂರ್ತಾರೆ?

ಹಳೇ ಡಬಲ್ ಕ್ಯಾಬ್‌ಗಳ ನಿಜವಾದ ದೌರ್ಬಲ್ಯ ಇಲ್ಲಿದೆ. ಹಿಂದಿನ ಸೀಟಿನ ಬೆನ್ನು ಬಹುತೇಕ ನೆಟ್ಟಗೆ ಇರುತ್ತೆ. ಕೆಲವು ಗಾಡಿಯಲ್ಲಿ ನಡುವಿನ ಸೀಟಿಗೆ ಸೊಂಟದ ಬೆಲ್ಟ್ ಮಾತ್ರ. ಎಷ್ಟೋ ಗಾಡಿಯಲ್ಲಿ ಸೀಟ್ ಕವರ್ ಹೊಲಿಸುವಾಗ ಬೆಲ್ಟ್‌ನ ಬಕಲ್‌ಗಳನ್ನೇ ಒಳಗೆ ಮುಚ್ಚಿಬಿಟ್ಟಿರ್ತಾರೆ.

ಮೊದಲು ಆ ಬಕಲ್‌ಗಳನ್ನ ಹೊರಗೆ ತೆಗೆಸಿ. ಮೂರು ಪಾಯಿಂಟ್ ಬೆಲ್ಟ್ ಇರೋ ಎರಡು ಪಕ್ಕದ ಸೀಟು ಮಕ್ಕಳಿಗೆ. ಚಿಕ್ಕವಳಿಗೆ ಅವಳ ತೂಕಕ್ಕೆ ಸರಿಯಾದ ಚೈಲ್ಡ್ ಸೀಟ್, ದೊಡ್ಡವನಿಗೆ ಬೂಸ್ಟರ್. ಬೂಸ್ಟರ್‌ಗೆ ಮೂರು ಪಾಯಿಂಟ್ ಬೆಲ್ಟ್ ಬೇಕೇ ಬೇಕು. ಅಮ್ಮನಿಗೆ ಮುಂದಿನ ಸೀಟು, ಏಕೆಂದರೆ ಮಂಡಿ ನೋವಿಗೆ ಜಾಗ ಬೇಕು. ನನ್ನ ಹೆಂಡತಿ ನಡುವೆ. ಉದ್ದದ ದಾರಿಯಲ್ಲಿ ನಾನೂ ಅವಳೂ ಎರಡು ಗಂಟೆಗೊಮ್ಮೆ ಡ್ರೈವಿಂಗ್ ಬದಲಾಯಿಸ್ತೀವಿ, ಆಗ ನಡುವೆ ನಾನು. ನಡುವಿನ ಸೀಟಿಗೆ ಬೆಲ್ಟೇ ಇಲ್ಲದ ಗಾಡಿ ಆದರೆ ಅದು ನಾಲ್ಕು ಜನರ ಗಾಡಿ ಅಂತ ಒಪ್ಪಿಕೊಳ್ಳಿ. ಅಂಥ ಗಾಡಿಯಲ್ಲಿ ಐದನೆಯವರಿಗೆ ಟ್ರೈನ್ ಟಿಕೆಟ್ ಮಾಡಿಸಿ.

2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡ ದೊಡ್ಡದಲ್ಲ ಬಿಡಿ. ಆದರೆ ಊರಿಗೆ ಹೋದಾಗ ಅಣ್ಣನ ಮಕ್ಕಳೆಲ್ಲ ಸೇರಿ "ಚಿಕ್ಕಪ್ಪ, ಹಿಂದೆ ಡಾಲಾದಲ್ಲಿ ನಿಂತ್ಕೋತೀವಿ" ಅಂದರೆ ಒಂದು ಕಿಲೋಮೀಟರ್‌ಗೂ ಹೂಂ ಅನ್ನಬೇಡಿ. ಅಲ್ಲಿ ಹಿಡಿಯೋಕೂ ಏನಿಲ್ಲ, ತಡೆಯೋಕೂ ಏನಿಲ್ಲ.

ಸಾಮಾನಿಗೂ ಬೆಲ್ಟ್ ಬೇಕು. ಕ್ಯಾಬಿನ್ ಒಳಗೆ ಬಿಡಿ ಸಾಮಾನು ಇಡಬೇಡಿ. ಡಾಲಾದಲ್ಲಿ ಪ್ರತಿ ಕ್ರೇಟನ್ನೂ ರ‍್ಯಾಚೆಟ್ ಸ್ಟ್ರ್ಯಾಪ್‌ನಿಂದ ಬಿಗಿಯಿರಿ. ಇಲ್ಲಿ ಇನ್ನೊಂದು ಎಚ್ಚರಿಕೆ: ಸಾಮಾನು ಕಟ್ಟೋ ಕೊಂಡಿಗೆ ಹಗ್ಗ ಹಾಕಿ ಹೂತ ಗಾಡಿಯನ್ನ ಎಳೆಯಬೇಡಿ. ಅದು ಕಿತ್ತು ಬಂದರೆ ಗುಂಡಿನ ತರಹ ಹಾರುತ್ತೆ. ಚಾಸಿಗೆ ಜೋಡಿಸಿದ ಟೋ ಹುಕ್ ಮಾತ್ರ ಬಳಸಿ, ಎಳೆಯುವಾಗ ಮಕ್ಕಳು ದೂರ ಇರಲಿ.

ಕರೆಂಟು, ಗ್ಯಾಸು

ಫ್ರಿಜ್, ಲೈಟು, ಫೋನ್ ಚಾರ್ಜಿಂಗ್‌ಗೆ ಎರಡನೇ ಬ್ಯಾಟರಿ ಇರಲಿ. ಗಾಡಿಯ ಬ್ಯಾಟರಿ ಮುಟ್ಟಬೇಡಿ, ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಬೇಕಲ್ಲ. ಎರಡರ ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಮುಖ್ಯ ಬ್ಯಾಟರಿಯಿಂದ ಹೊರಡೋ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು. ವೈರ್ ಎಲ್ಲೋ ಉಜ್ಜಿ ಶಾರ್ಟ್ ಆದರೆ ಫ್ಯೂಸ್ ಹಾರಿ ಅಷ್ಟಕ್ಕೇ ನಿಲ್ಲುತ್ತೆ. ಫ್ಯೂಸ್ ಇಲ್ಲದಿದ್ದರೆ ಬೆಂಕಿ. ಇದ್ದ ವೈರನ್ನ ಕತ್ತರಿಸಿ ಟೇಪ್ ಸುತ್ತೋ ಕೆಲಸ ಯಾರು ಮಾಡಿದರೂ ಒಪ್ಪಬೇಡಿ.

ಇನ್ನು ಗ್ಯಾಸ್. ಸಿಲಿಂಡರ್ ಡಾಲಾದಲ್ಲಿ, ನೆಟ್ಟಗೆ, ಬಿಗಿಯಾಗಿ. ಟೆಂಟ್ ಒಳಗೆ, ಮುಚ್ಚಿದ ಕ್ಯಾನೊಪಿ ಒಳಗೆ ಸ್ಟವ್ ಹಚ್ಚಬೇಡಿ. ಚಳಿ ಅಂತ ಕೆಂಡದ ಬಾಣಲೆಯನ್ನೂ ಇಡಬೇಡಿ. ಎಸಿಗೋಸ್ಕರ ಎಂಜಿನ್ ಆನ್ ಇಟ್ಟು ಮಲಗೋದೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗೋದಿಲ್ಲ.

ಆರ್‌ಸಿ, ಆರ್‌ಟಿಓ, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಪಾದಚಾರಿಗಳಿಗೆ ಅದು ಅಪಾಯ, ಒಳಗಿರೋರಿಗೂ ಅಪಾಯ. ಆದ್ದರಿಂದ ಬಿಚ್ಚಿ ತೆಗೆಯಬಹುದಾದ ಸಾಮಾನೇ ಆರಿಸಿಕೊಳ್ಳಿ: ಕ್ರೇಟು, ಟೆಂಟು, ಫ್ರಿಜ್ಜು. ಕ್ಯಾನೊಪಿ ತರಹ ಕಾಯಂ ಜೋಡಿಸೋದನ್ನ ಮೊದಲು ಆರ್‌ಟಿಓದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಲಿಖಿತವಾಗಿ ತಿಳಿಸಿ. ತಿಳಿಸದ ಬದಲಾವಣೆ ಕ್ಲೇಮ್ ತಿರಸ್ಕಾರಕ್ಕೆ ಕಾರಣ ಆಗಬಹುದು.

ನಮ್ಮಂಥ ವಲಸೆ ಮಂದಿಗೆ ಇನ್ನೂ ಎರಡು ಮಾತು. ಕಂಪನಿ ಬದಲಾಯಿಸಿ ಪುಣೆಯಿಂದ ಹೈದರಾಬಾದ್‌ಗೋ ಬೆಂಗಳೂರಿಗೋ ಹೋದರೆ, 12 ತಿಂಗಳು ಮೀರಿ ಗಾಡಿ ಅಲ್ಲೇ ಇದ್ದರೆ ಆ ರಾಜ್ಯದ ನಂಬರ್ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಖಾಸಗಿ ಗಾಡಿಯ ರಿಜಿಸ್ಟ್ರೇಶನ್ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ದೆಹಲಿ ಕಡೆ ಇರೋರು ಹಳೇ ಡೀಸೆಲ್ ಗಾಡಿಗೆ ದುಡ್ಡು ಹಾಕೋ ಮೊದಲು ಈಗಿನ ಆದೇಶ ಏನಿದೆ ಅಂತ ನೋಡಿಕೊಳ್ಳಲೇಬೇಕು. ಹತ್ತು ವರ್ಷದ ನಿಯಮ ಅಲ್ಲಿ ಪದೇ ಪದೇ ಕೋರ್ಟಿಗೆ ಹೋಗ್ತಿದೆ.

ಎಲ್ಲಿಂದ ಶುರು ಮಾಡೋದು?

ಮೊದಲ ಟ್ರಿಪ್ ಎರಡು ರಾತ್ರಿಯದ್ದು ಇರಲಿ. ಪುಣೆಯವರಿಗೆ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾರಿ ಹೇಗೂ ಊರಿನ ದಾರಿ. ಅಲ್ಲಿಂದ ಆಂಬೋಲಿ ಘಾಟ್ ಇಳಿದರೆ ಬ್ರೇಕ್, ಸಸ್ಪೆನ್ಶನ್, ಹಿಂದಿನ ಸೀಟು ಮೂರರ ಪರೀಕ್ಷೆಯೂ ಆಗುತ್ತೆ. ಘಾಟ್ ಇಳಿಯುವಾಗ ಎರಡನೇ ಗೇರ್, ಬ್ರೇಕ್ ಕಡಿಮೆ. ವಾಪಸ್ ಬಂದ ಮೇಲೆ ಬಳಸದೇ ಇದ್ದ ಸಾಮಾನನ್ನೆಲ್ಲ ಹೊರಗೆ ತೆಗೆಯಿರಿ. ನಾವು ಹಾಗೆ ತೆಗೆದದ್ದು 26 ಕೆಜಿ. ಅದಾದ ಮೇಲೆ ಕಛ್‌ನ ಖಾವ್ಡಾದಿಂದ ಧೋಲಾವೀರಕ್ಕೆ ಬಿಳಿ ಉಪ್ಪಿನ ನಡುವೆ ಹೋಗೋ ರಸ್ತೆಯಂಥ ದೂರದ ಜಾಗ ಯೋಚಿಸಿ.

ಟೆಂಟ್ ಎಲ್ಲಿ ಹಾಕ್ತೀರಿ ಅನ್ನೋದು ಮೊದಲೇ ಗೊತ್ತಿರಲಿ. ರಕ್ಷಿತಾರಣ್ಯದಲ್ಲಿ ಅನುಮತಿ ಇಲ್ಲದೆ ತಂಗೋ ಹಾಗಿಲ್ಲ. ಬಂಡೀಪುರದ ಹೈವೇಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ, ಅದನ್ನ ನೋಡಿ ಸಮಯ ಹೊಂದಿಸಿ. ತೋಟ ಇರೋ ನೆಂಟರು, ಹೋಂಸ್ಟೇ ಅಂಗಳ, ಕೇಳಿ ಪಡೆದ ಹೊಲದ ಬದು ಇವೇ ಒಳ್ಳೆ ಜಾಗ. ಪಕ್ಕದಲ್ಲಿ ಬಾವಿ, ಬಚ್ಚಲು ಇದ್ದರೆ ನೀರಿನ ತೂಕವೂ ಉಳೀತು.

ಈ ವಾರ ಮಾಡೋಕೆ ಒಂದೇ ಕೆಲಸ ಹೇಳ್ತೀನಿ. ರೂಫ್ ಟೆಂಟ್‌ನ ಆನ್‌ಲೈನ್ ಕಾರ್ಟ್ ಹಾಗೇ ಇರಲಿ, ಒತ್ತಬೇಡಿ. ಮ್ಯಾನುಯಲ್ ತೆಗೆದು ಒಟ್ಟು ತೂಕ ಬರೆದುಕೊಳ್ಳಿ, ಮನೆಯವರನ್ನೆಲ್ಲ ಕೂರಿಸಿಕೊಂಡು ವೇಬ್ರಿಡ್ಜ್‌ಗೆ ಹೋಗಿ ಬನ್ನಿ. ಆ ಚೀಟಿ ಕೈಯಲ್ಲಿ ಇದ್ದರೆ ಯಾವ ಸಾಮಾನು ಬೇಕು, ಯಾವುದು ಬೇಡ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಮುಂದಿನ ಮಾತಿನಲ್ಲಿ ಡಾಲಾದ ಕ್ರೇಟ್ ಜೋಡಣೆ, ಐದು ಜನರ ಅಡಿಗೆ ಸಾಮಾನಿನ ಪಟ್ಟಿ ನೋಡೋಣ. ಬೆಲ್ಟ್ ಹಾಕಿಕೊಳ್ಳಿ, ಹುಷಾರಾಗಿ ಹೋಗಿ ಬನ್ನಿ.